ಬಾಟಲಿ ಒಂದೇ, ಅಳತೆ ಬೇರೆ

(ಸಂಘದ ರಾಜ್ಯೋತ್ಸವ ಸಪ್ತಾಹದ ಹಿರಿಯರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವನು ನಾಡುನುಡಿಗಳ ಹಿರಿಮೆಯನ್ನು ಕುರಿತು ನಾಲ್ಕು ಮಾತುಗಳನ್ನಾಡುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಬಲ್ಲವರು ಈಗಾಗಲೇ ಸೊಗಸಾಗಿ ಮಾಡಿದ್ದಾರೆ. ನಾನಾದರೋ ಒಂದು ಬ್ಯಾಂಕಿನಲ್ಲಿ ಗುಮಾಸ್ತ, ಓದಿದ್ದು ಬಿ.ಕಾಂ. ವೈದ್ಯನಲ್ಲ, ಔಷಧದ ಅಂಗಡಿಯವನೂ ಅಲ್ಲ. ಹೀಗಿದ್ದರೂ ಇಂದು ನಾನು ಆರಿಸಿಕೊಂಡಿರುವ ವಿಷಯ ಮಲಬದ್ಧತೆ, ಮತ್ತು ಅದಕ್ಕೆಂದು ನಾವು ಮನೆಮನೆಯಲ್ಲಿ ಕುಡಿಯುವ ಲ್ಯಾಕ್ಟುಲೋಸ್ ಎಂಬ ಸಿರಪ್ಪು. ಹಬ್ಬದ ದಿನ ಇದೆಂಥ ಮಾತಪ್ಪಾ ಎಂದು ಕೆಲವರು ಮುಗುಳ್ನಗುತ್ತಿರುವುದು ಇಲ್ಲಿಂದಲೇ ಕಾಣುತ್ತದೆ. ನಗಬಹುದು. ಒಂದು ಕಾಲಕ್ಕೆ ನಾನೂ ನಕ್ಕವನೇ. ಆದರೆ ಈ ನಗೆಯ, ಈ ನಾಚಿಕೆಯ ದೆಸೆಯಿಂದಲೇ ನನ್ನ ತಂದೆಯವರನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿಸಬೇಕಾಗಿ ಬಂದಿತು. ಆ ಕಥೆಯನ್ನು ಹೇಳಿ, ಅದರಿಂದ ನಾನು ಕಲಿತುದನ್ನು ತಮ್ಮ ಮುಂದಿಡುತ್ತೇನೆ.

ನಮ್ಮ ತಂದೆಯವರು ಸೇಡಂ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದು ನಿವೃತ್ತರಾದವರು. ತಾಯಿಯವರು ತೀರಿಕೊಂಡ ಮೇಲೆ, ಹಳ್ಳಿಯಲ್ಲಿ ಒಬ್ಬರೇ ಇರುವುದು ಬೇಡವೆಂದು ನಾನೇ ಹಟ ಹಿಡಿದು ಅವರನ್ನು ಇಲ್ಲಿಗೆ ಕರೆತಂದೆ. ೧೯೫೬ರ ನವೆಂಬರ್ ೧ರವರೆಗೆ ಆ ಊರೂ ಈ ಊರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆದುದರಿಂದ ಕಲಬುರಗಿ, ಬೀದರ, ರಾಯಚೂರುಗಳ ಕಡೆಯವರಿಗೆ ಹೈದರಾಬಾದು ಪರಸ್ಥಳವೆಂದು ಅನಿಸುವುದೇ ಇಲ್ಲ. ಅವರ ಮನಸ್ಸೂ ಇಲ್ಲಿಗೆ ಬೇಗ ಹೊಂದಿಕೊಂಡಿತು. ಹೊಂದಿಕೊಳ್ಳದೆ ಉಳಿದದ್ದು ಅವರ ಹೊಟ್ಟೆ.

ಹಳ್ಳಿಯಲ್ಲಿ ಅವರ ದಿನಚರಿ ಗಡಿಯಾರವಿಟ್ಟಂತೆ ನಡೆಯುತ್ತಿತ್ತು. ನಸುಕಿನಲ್ಲಿ ಎದ್ದು ಒಂದು ತಂಬಿಗೆ ನೀರು. ಹೊಲದ ಕಡೆಗೆ ಒಂದು ಸುತ್ತು. ಎರಡೂ ಹೊತ್ತು ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಯ, ಕಾಳಿನ ಪಲ್ಯ. ಇಲ್ಲಿಯಾದರೋ ಐದನೆಯ ಅಂತಸ್ತಿನ ಮನೆ. ಇರುವುದೊಂದೇ ಸಂಡಾಸು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಅದು ಶಾಲೆಗೆ ಹೋಗುವ ಮಕ್ಕಳದು, ಕಚೇರಿಗೆ ಹೋಗುವ ನಮ್ಮದು. "ನೀವು ಮೊದಲು ಮುಗಿಸ್ಕೊಳ್ರಿ" ಎಂದು ಹಿರಿಯರು ಬಂದ ಒತ್ತಡವನ್ನು ತಡೆದುಕೊಂಡು ವೃತ್ತಪತ್ರಿಕೆ ಹಿಡಿದು ಕುಳಿತರು. ಊಟಕ್ಕೆ ಎರಡು ಹೊತ್ತೂ ಬಿಳಿಯ ಅನ್ನ. ಸಂಜೆ ಇರಾನಿ ಚಹ, ಅದರೊಡನೆ ಉಸ್ಮಾನಿಯಾ ಬಿಸ್ಕತ್ತು. ರಾತ್ರಿ ಏಳಬೇಕಾದೀತೆಂದು ಸಾಯಂಕಾಲದ ಮೇಲೆ ನೀರನ್ನೇ ಬಿಟ್ಟರು. ನಡಿಗೆಯಂತೂ ಲಿಫ್ಟಿನಿಂದ ಬಾಗಿಲವರೆಗೆ ಮಾತ್ರ. ಇಷ್ಟೆಲ್ಲ ಬದಲಾದ ಮೇಲೆ ಕರುಳು ಮುಷ್ಕರ ಹೂಡಿದರೆ ಅದರ ತಪ್ಪೇನು?

ಮೂರು ನಾಲ್ಕು ದಿನಗಳಿಗೊಮ್ಮೆ, ಅದೂ ಬಹು ಕಷ್ಟದಿಂದ, ಎಂಬ ಸ್ಥಿತಿ ಬಂದು ಆರು ತಿಂಗಳಾದರೂ ಅವರು ಯಾರಿಗೂ ಹೇಳಲಿಲ್ಲ. ಸೊಸೆಯ ಮುಂದೆ ಹೇಗೆ ಹೇಳುವುದು? ರಕ್ತದೊತ್ತಡದ ತಪಾಸಣೆಗೆಂದು ಹೋದಾಗ ವೈದ್ಯರ ಮುಂದಾದರೂ ಹೇಳಬಹುದಿತ್ತು. ಆದರೆ ತೆಲುಗಿನಲ್ಲಿ ಹೇಳಲು ಶಬ್ದ ಗೊತ್ತಿಲ್ಲ, ಹಿಂದಿಯಲ್ಲಿ ಹೇಳಲು ಸಂಕೋಚ. "ಸಬ್ ಠೀಕ್ ಹೈ" ಎಂದು ಎದ್ದು ಬರುತ್ತಿದ್ದರು. ಕೊನೆಗೊಂದು ರಾತ್ರಿ ಮಕ್ಕಳು ಮಲಗಿದ ಮೇಲೆ ನನ್ನನ್ನು ಬಾಲ್ಕನಿಗೆ ಕರೆದು, ಧ್ವನಿ ತಗ್ಗಿಸಿ, "ತಮ್ಮಾ, ನಾಕು ದಿನ ಆತು, ಹೊಟ್ಟಿ ಕಟ್ಟ್ಯಾದ. ಇದೇನ್ ಹೇಳೋ ಮಾತೇನಪ್ಪಾ, ಆದ್ರ ಹೇಳದ ಗತಿ ಇಲ್ಲ" ಎಂದರು. ಅರವತ್ತೆಂಟು ವರ್ಷದ ಮಾಸ್ತರರು, ನೂರಾರು ಹುಡುಗರನ್ನು ತಿದ್ದಿದವರು, ಅಪರಾಧ ಒಪ್ಪಿಕೊಳ್ಳುವವರಂತೆ ನಿಂತಿದ್ದರು.

ನಾನು ಮರುದಿನವೇ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕಾಗಿತ್ತು. ಆದರೆ ಅದು ಮಾರ್ಚ್ ತಿಂಗಳ ಕೊನೆ. ಬ್ಯಾಂಕಿನವರಿಗೆ ಮಾರ್ಚ್ ಕೊನೆಯೆಂದರೇನೆಂಬುದನ್ನು ತಾವೆಲ್ಲ ಬಲ್ಲಿರಿ. ನಮ್ಮ ಎದುರು ಮನೆಯ ಹಿರಿಯರೊಬ್ಬರು ಲ್ಯಾಕ್ಟುಲೋಸ್ ಸಿರಪ್ಪನ್ನು ವರ್ಷದಿಂದ ಕುಡಿಯುತ್ತಿದ್ದರು. ಕೇಳಿದೊಡನೆ, ಒಳ್ಳೆಯ ಮನಸ್ಸಿನಿಂದಲೇ, ತಮ್ಮ ಚೀಟಿಯನ್ನು ತೋರಿಸಿದರು. ೩೦ ಮಿ.ಲೀ., ದಿನಕ್ಕೆ ಮೂರು ಸಲ ಎಂದು ಅದರಲ್ಲಿತ್ತು. ನಾನು ಅದನ್ನು ಹಾಗೆಯೇ ಬರೆದುಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಚೀಟಿ ಕೇಳಲಿಲ್ಲ. ನಾನೂ ಏನನ್ನೂ ಕೇಳಲಿಲ್ಲ. ಬಾಟಲಿಯನ್ನು ತಂದೆಯವರ ಕೈಗೆ ಕೊಟ್ಟು ಕಚೇರಿಗೆ ಹೊರಟೆ.

ಎರಡು ದಿನ ಏನೂ ಆಗಲಿಲ್ಲ. ಹೊಟ್ಟೆ ಗುಡುಗುಡು ಎಂದಿತು, ವಾಯು ಹೆಚ್ಚಿತು, ಅಷ್ಟೇ. ಔಷಧಕ್ಕೆ ಬಲ ಸಾಲದೆಂದು ತಿಳಿದ ತಂದೆಯವರು ಮೂರನೆಯ ದಿನ ತಾವಾಗಿಯೇ ಅಳತೆಯನ್ನು ಇನ್ನಷ್ಟು ಹೆಚ್ಚಿಸಿಕೊಂಡರು. ಅಂದು ಮಧ್ಯಾಹ್ನದಿಂದ ಭೇದಿ ಹಿಡಿಯಿತು. ರಾತ್ರಿಯೊಳಗೆ ಎಂಟು ಹತ್ತು ಸಲವಾಯಿತು. ನೀರು ಕುಡಿದರೆ ಮತ್ತೆ ಆಗುತ್ತದೆಂದು ನೀರನ್ನೂ ಕುಡಿಯಲಿಲ್ಲ. ರಕ್ತದೊತ್ತಡಕ್ಕೆಂದು ಅವರು ದಿನವೂ ನುಂಗುತ್ತಿದ್ದ ಮಾತ್ರೆ ಮೂತ್ರವನ್ನು ಹೆಚ್ಚಿಸುವಂಥದು. ಅದನ್ನು ಮಾತ್ರ ಕ್ರಮವಾಗಿ ನುಂಗಿದರು. ನಸುಕಿನಲ್ಲಿ ಬಚ್ಚಲಮನೆಯಿಂದ ದೊಪ್ಪನೆ ಸದ್ದು ಕೇಳಿಸಿತು. ಬಾಗಿಲು ತೆರೆದು ನೋಡಿದರೆ ತಂದೆಯವರು ನೆಲದ ಮೇಲೆ. ಕೈಕಾಲು ತಣ್ಣಗಾಗಿ, ಮಾತು ತೊದಲುತ್ತಿತ್ತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ದೇಹದ ನೀರು ಬತ್ತಿ, ಪೊಟ್ಯಾಸಿಯಂ ಅಂಶ ಅಪಾಯದ ಮಟ್ಟಕ್ಕೆ ಇಳಿದಿತ್ತೆಂದು ತಿಳಿಯಿತು. ಪೊಟ್ಯಾಸಿಯಂ ತೀರ ಇಳಿದರೆ ಹೃದಯದ ಬಡಿತವೇ ತಾಳ ತಪ್ಪಬಹುದಂತೆ. ಎರಡು ದಿನ ಸಲೈನ್ ಏರಿಸಿದ ಮೇಲೆ ಅವರು ಎದ್ದು ಕುಳಿತರು. ಮೂಳೆ ಮುರಿಯಲಿಲ್ಲ, ಅದು ನಮ್ಮ ಪುಣ್ಯ.

ಅಲ್ಲಿಯ ವೈದ್ಯರು ನನ್ನನ್ನು ಮೂರೇ ಪ್ರಶ್ನೆ ಕೇಳಿದರು. ಈ ಅಳತೆಯನ್ನು ಬರೆದುಕೊಟ್ಟವರು ಯಾರು? ಇವರು ಬೇರೆ ಯಾವ ಮಾತ್ರೆ ನುಂಗುತ್ತಾರೆ? ಬಾಟಲಿಯ ಜೊತೆಗಿದ್ದ ಕಾಗದವನ್ನು ಓದಿದಿರಾ? ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಎದುರು ಮನೆಯ ಹಿರಿಯರು ಆ ಸಿರಪ್ಪನ್ನು ಕುಡಿಯುತ್ತಿದ್ದುದು ಮಲಬದ್ಧತೆಗಲ್ಲ, ಯಕೃತ್ತಿನ ರೋಗಕ್ಕೆ ಎಂಬುದು ಆಗ ಗೊತ್ತಾಯಿತು. ಔಷಧ ಅದೇ, ಬಾಟಲಿ ಅದೇ; ರೋಗ ಬೇರೆ, ಅಳತೆ ಬೇರೆ. ಬಂಧುಗಳೆ, ಒಬ್ಬರ ಚೆಕ್ಕಿನ ಹಣವನ್ನು ಇನ್ನೊಬ್ಬರ ಖಾತೆಗೆ ಜಮಾ ಮಾಡಿದರೆ ನನ್ನ ಕೆಲಸ ಉಳಿಯುವುದಿಲ್ಲ. ದಿನವೂ ಹೆಸರು, ಸಂಖ್ಯೆ, ತಾರೀಖುಗಳನ್ನು ಎರಡೆರಡು ಸಲ ನೋಡುವ ನಾನು, ತಂದೆಯವರ ವಿಷಯದಲ್ಲಿ ಇನ್ನೊಬ್ಬರ ಲೆಕ್ಕವನ್ನು ಕಣ್ಣುಮುಚ್ಚಿ ಇವರ ಖಾತೆಗೆ ಬರೆದುಬಿಟ್ಟಿದ್ದೆ.

ಈ ಸಿರಪ್ಪು ಕೆಲಸ ಮಾಡುವ ಬಗೆಯನ್ನು ತಿಳಿದರೆ ಎಚ್ಚರಿಕೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ನಮ್ಮ ತಾಯಂದಿರು ಮಾವಿನಕಾಯಿಯ ಹೋಳಿಗೆ ಉಪ್ಪು ಬೆರೆಸಿ ರಾತ್ರಿ ಮುಚ್ಚಿಡುತ್ತಾರಷ್ಟೆ. ಬೆಳಿಗ್ಗೆ ನೋಡಿದರೆ ಭರಣಿಯಲ್ಲಿ ನೀರು ನಿಂತಿರುತ್ತದೆ. ಆ ನೀರನ್ನು ಯಾರೂ ಹಾಕಿದ್ದಲ್ಲ. ಉಪ್ಪು ಹೋಳಿನೊಳಗಿಂದ ಎಳೆದದ್ದು. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಅಭಿಸರಣೆ ಎಂದು ಹೆಸರು. ಲ್ಯಾಕ್ಟುಲೋಸ್ ಮಾಡುವುದೂ ಇದನ್ನೇ. ಅದು ಹಾಲಿನ ಸಕ್ಕರೆಯಿಂದ ತಯಾರಿಸಿದ ಒಂದು ಬಗೆಯ ಸಕ್ಕರೆ. ಆದರೆ ನಮ್ಮ ಸಣ್ಣ ಕರುಳಿಗೆ ಅದನ್ನು ಒಡೆದು ಅರಗಿಸಿಕೊಳ್ಳುವ ಶಕ್ತಿಯಿಲ್ಲ. ಆದುದರಿಂದ ಅದು ಹೆಚ್ಚುಕಡಮೆ ಹಾಗೆಯೇ ದೊಡ್ಡ ಕರುಳನ್ನು ತಲುಪುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಹುಳಿಸಿ ಆಮ್ಲಗಳನ್ನಾಗಿ ಮಾಡುತ್ತವೆ. ಇದರಿಂದ ಕರುಳಿನೊಳಕ್ಕೆ ನೀರು ಸೇರಿ, ಗಟ್ಟಿಯಾದ ಮಲ ಮೆತ್ತಗಾಗಿ ಜಾರುತ್ತದೆ. ಹುಳಿಯುವ ಕಡೆ ವಾಯು ಹುಟ್ಟುವುದು ಸಹಜವೇ ಸರಿ. ಮೊದಲ ಕೆಲವು ದಿನ ಹೊಟ್ಟೆಯುಬ್ಬರವಾಗುವುದು ಅದಕ್ಕೇ.

ಇದರಿಂದ ಎರಡು ಮಾತು ಸಿದ್ಧವಾಯಿತು. ಮೊದಲನೆಯದು, ಈ ಔಷಧ ಕೂಡಲೇ ಫಲ ಕೊಡತಕ್ಕದ್ದಲ್ಲ. ಕರುಳಿನ ಅಷ್ಟು ದೂರ ಸಾಗಿ, ಹುಳಿತು, ನೀರೆಳೆಯಲು ಒಂದೆರಡು ದಿನ, ಕೆಲವರಿಗೆ ಮೂರು ದಿನವೂ ಹಿಡಿಯುತ್ತದೆ. ಆ ಅವಧಿಯಲ್ಲಿ ಅಳತೆ ಹೆಚ್ಚಿಸುವುದೆಂದರೆ ಹೊರಟ ರೈಲಿನ ಹಿಂದೆಯೇ ಇನ್ನೆರಡು ರೈಲು ಬಿಟ್ಟಂತೆ. ಎಲ್ಲವೂ ಒಟ್ಟಿಗೆ ನಿಲ್ದಾಣಕ್ಕೆ ಬಂದಾಗ ಅನಾಹುತ. ಎರಡನೆಯದು, ಅದು ಎಳೆಯುವ ನೀರು ನಮ್ಮ ದೇಹದ್ದೇ. ಜಮಾ ಇಲ್ಲದೆ ಖರ್ಚು ಬರೆಯಲಾಗದು. ಆದುದರಿಂದ ಈ ಸಿರಪ್ಪು ಕುಡಿಯುವವರು ದಿನವಿಡೀ ಸಾಕಷ್ಟು ನೀರು, ಮಜ್ಜಿಗೆ, ಸಾರು ಸೇವಿಸಲೇಬೇಕು. ಹೃದಯ ಅಥವಾ ಮೂತ್ರಪಿಂಡದ ರೋಗದ ಕಾರಣ ನೀರಿಗೆ ಮಿತಿ ಹಾಕಿಸಿಕೊಂಡವರು ಮಾತ್ರ ತಮ್ಮ ವೈದ್ಯರನ್ನು ಕೇಳಿ ನಡೆಯತಕ್ಕದ್ದು.

ಒಂದೇ ಔಷಧಕ್ಕೆ ಎರಡು ಅಳತೆ ಏಕೆ ಬಂತೆಂಬುದಕ್ಕೆ ಸಣ್ಣದೊಂದು ಚರಿತ್ರೆಯಿದೆ. ೧೯೩೦ರಲ್ಲಿ ಅಮೆರಿಕದ ಮಾಂಟ್‌ಗೊಮೆರಿ ಮತ್ತು ಹಡ್ಸನ್ ಎಂಬಿಬ್ಬರು ರಸಾಯನಶಾಸ್ತ್ರಜ್ಞರು ಈ ಸಕ್ಕರೆಯನ್ನು ತಯಾರಿಸಿದ ಬಗೆಯನ್ನು ಪ್ರಕಟಿಸಿದರು. ೧೯೫೦ರ ದಶಕದ ಕೊನೆಯಲ್ಲಿ ಆಸ್ಟ್ರಿಯಾದ ಪೆಟ್ಯುವೆಲಿ ಎಂಬವರು ಎಳೆಮಕ್ಕಳ ಕರುಳಿನ ಹಿತಕರ ಸೂಕ್ಷ್ಮಜೀವಿಗಳ ಮೇಲೆ ಇದರ ಪರಿಣಾಮವನ್ನು ಅಭ್ಯಸಿಸಿದರು. ಮಲಬದ್ಧತೆಗೆ ಇದು ಬಳಕೆಗೆ ಬಂದುದು ಆ ದಾರಿಯಿಂದ. ೧೯೬೬ರಲ್ಲಿ ಬಿರ್ಖರ್ ಮತ್ತು ಅವರ ಸಂಗಡಿಗರು ಯಕೃತ್ತು ಕೆಟ್ಟು ಬುದ್ಧಿಗೆ ಮಂಕು ಕವಿದ ರೋಗಿಗಳಿಗೆ ಇದನ್ನು ಕೊಟ್ಟು ಫಲ ಕಂಡುದನ್ನು ವರದಿ ಮಾಡಿದರು. ಯಕೃತ್ತು ಕೆಟ್ಟಾಗ ಅಮೋನಿಯ ಎಂಬ ವಿಷ ರಕ್ತದಲ್ಲಿ ಸೇರಿ ಮಿದುಳಿಗೆ ಏರುತ್ತದೆ. ಈ ಸಿರಪ್ಪು ಅದನ್ನು ಕರುಳಿನಲ್ಲಿಯೇ ಹಿಡಿದು ಹೊರಹಾಕಲು ನೆರವಾಗುತ್ತದೆ. ಅದಕ್ಕೆ ದೊಡ್ಡ ಅಳತೆ ಬೇಕು. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಆಗುವಂತೆ ವೈದ್ಯರೇ ಹೊಂದಿಸುತ್ತಾರೆ. ಭಾರತ ಸರ್ಕಾರ ೨೦೨೨ರಲ್ಲಿ ಹೊರಡಿಸಿದ ಅಗತ್ಯ ಔಷಧಗಳ ಪಟ್ಟಿಯಲ್ಲಿಯೂ ಲ್ಯಾಕ್ಟುಲೋಸ್ ಇದೆ. ಔಷಧ ಒಳ್ಳೆಯದೇ. ಅದನ್ನು ಕೆಡಿಸಿದ್ದು ನನ್ನ ಅಜಾಗರೂಕತೆ.

ಹಾಗಾದರೆ ಬರಿಯ ಮಲಬದ್ಧತೆಗೆ ಅಳತೆಯೆಷ್ಟು? ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ೧೫ ಮಿ.ಲೀ.ಗೆ ೧೦ ಗ್ರಾಂ ಔಷಧವಿರುವ ಸಿರಪ್ಪು. ಲೇಬಲ್ಲಿನ ಮೇಲೆ ಇದನ್ನು ಮೊದಲು ನೋಡಿಕೊಳ್ಳಬೇಕು. ದೊಡ್ಡವರಿಗೆ ಸಾಧಾರಣವಾಗಿ ದಿನಕ್ಕೆ ಒಟ್ಟು ೧೫ರಿಂದ ೩೦ ಮಿ.ಲೀ.ಗಳಿಂದ ಆರಂಭಿಸುತ್ತಾರೆ. ಇದನ್ನು ಒಂದೇ ಸಲ ಅಥವಾ ಎರಡು ಸಲವಾಗಿ, ದಿನವೂ ಅದೇ ಹೊತ್ತಿಗೆ ಕುಡಿಯಬಹುದು. ಸಿಹಿ ಅತಿಯೆನಿಸಿದರೆ ನೀರಿನಲ್ಲಿ ಬೆರೆಸಿಕೊಳ್ಳಬಹುದು. ಮಲ ಮೆತ್ತಗಾದ ಮೇಲೆ ಅಳತೆಯನ್ನು ಇಳಿಸಬೇಕು. ಭೇದಿಯಾದರಂತೂ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ನನ್ನ ತಂದೆಯವರು ಕುಡಿದುದು ದಿನಕ್ಕೆ ೯೦ ಮಿ.ಲೀ.ಗೂ ಹೆಚ್ಚು ಎಂಬುದನ್ನು ತಾವೇ ಹೋಲಿಸಿ ನೋಡಿ. ಅಳೆಯುವುದು ಬಾಟಲಿಯ ಜೊತೆ ಬರುವ ಗೆರೆಯಿರುವ ಮುಚ್ಚಳದಲ್ಲಿಯೇ ಆಗಬೇಕು. ನಮ್ಮ ಅಡುಗೆಮನೆಯ ಚಮಚಗಳನ್ನು ಅಳೆದು ನೋಡಿದೆ, ಒಂದರಂತೆ ಇನ್ನೊಂದಿಲ್ಲ. ಒಂದು ವಾರ ಕ್ರಮವಾಗಿ ಕುಡಿದರೂ ಗುಣ ಕಾಣದಿದ್ದರೆ ಬಾಟಲಿ ಬದಲಿಸದೆ ವೈದ್ಯರನ್ನು ಕಾಣತಕ್ಕದ್ದು.

ಮಕ್ಕಳಿಗೆ ಈ ಅಳತೆ ಸಲ್ಲದು. ದೊಡ್ಡವರದರಲ್ಲಿ ಅರ್ಧ, ಕಾಲು ಎಂದು ನಾವೇ ಭಾಗಾಕಾರ ಮಾಡಬಾರದು. ವಯಸ್ಸಿಗೆ ತಕ್ಕ ಅಳತೆಯನ್ನು ಮಕ್ಕಳ ವೈದ್ಯರೇ ಹೇಳಬೇಕು. ಗರ್ಭಿಣಿಯರಿಗೂ ಇದನ್ನು ಕೊಡುವುದುಂಟು. ಆದರೆ ಅವರನ್ನು ನೋಡುತ್ತಿರುವ ವೈದ್ಯರು ಹೇಳಿದ ಮೇಲೆ. ಸಕ್ಕರೆ ಕಾಯಿಲೆಯವರು ಸಿರಪ್ಪಿನಲ್ಲಿ ಬೇರೆ ಸಕ್ಕರೆಗಳ ಅಂಶ ಸ್ವಲ್ಪ ಇರುತ್ತದೆಂಬುದನ್ನು ನೆನಪಿಡಬೇಕು. ಸಣ್ಣ ಅಳತೆಯಲ್ಲಿ ಅದು ಸಾಮಾನ್ಯವಾಗಿ ತೊಂದರೆ ಕೊಡದಿದ್ದರೂ ತಮ್ಮ ವೈದ್ಯರಿಗೆ ತಿಳಿಸಿಯೇ ಕುಡಿಯುವುದು ಲೇಸು. ಗ್ಯಾಲಕ್ಟೋಸೀಮಿಯ ಎಂಬ ಹುಟ್ಟಿನಿಂದ ಬರುವ ಅಪರೂಪದ ರೋಗವಿದ್ದವರು ಇದನ್ನು ಮುಟ್ಟಲೇಬಾರದು. ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಹೃದಯಕ್ಕೆಂದು ಡಿಗಾಕ್ಸಿನ್ ತೆಗೆದುಕೊಳ್ಳುವವರು ಭೇದಿಯಾಗದಂತೆ ವಿಶೇಷವಾಗಿ ಎಚ್ಚರವಿರಬೇಕು. ಪೊಟ್ಯಾಸಿಯಂ ಇಳಿದರೆ ಅಂಥವರಿಗೆ ಅಪಾಯ ಹೆಚ್ಚು.

ಕೆಲವು ವೇಳೆ ಯಾವ ಸಿರಪ್ಪನ್ನೂ ಕುಡಿಯದೆ ನೇರವಾಗಿ ಆಸ್ಪತ್ರೆಗೇ ಹೋಗಬೇಕು. ಹೊಟ್ಟೆ ಬಿಗಿದು ಉಬ್ಬಿ, ತೀವ್ರ ನೋವು ವಾಂತಿಗಳಿದ್ದು, ವಾಯುವೂ ಹೊರಗೆ ಹೋಗದಿದ್ದರೆ ಕರುಳು ಕಟ್ಟಿಕೊಂಡಿರಬಹುದು. ಆಗ ಭೇದಿಯ ಔಷಧ ವಿಷವಾದೀತು. ಮಲದಲ್ಲಿ ರಕ್ತ ಬೀಳುವುದು, ಮಲ ಕಪ್ಪಗೆ ಡಾಂಬರಿನಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಹೊಟ್ಟೆಯ ರೂಢಿ ಬದಲಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಮಲಬದ್ಧತೆ ತಾನೇ ಒಂದು ರೋಗವಾಗಿರದೆ ಬೇರೊಂದರ ಸೂಚನೆಯಾಗಿರಲೂಬಹುದು. ಥೈರಾಯ್ಡ್ ತೊಂದರೆ ಅಂಥದೊಂದು. ನಾವು ನುಂಗುವ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಟ್ರಮಡಾಲ್‌ನಂಥ ನೋವಿನ ಮಾತ್ರೆ, ಇವೂ ಹೊಟ್ಟೆ ಕಟ್ಟಿಸುತ್ತವೆ. ಹೀಗಾಗಿ ವೈದ್ಯರಲ್ಲಿಗೆ ಹೋಗುವಾಗ ಮನೆಯ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿಕೊಂಡು ಹೋಗಿ ತೋರಿಸುವುದೇ ಜಾಣತನ.

ಹೊಟ್ಟೆಯ ಸಿರಪ್ಪುಗಳೆಲ್ಲ ಒಂದೇ ಎಂದು ತಿಳಿಯುವುದೂ ತಪ್ಪು. ಅಂಗಡಿಯಲ್ಲಿ ಮಿಲ್ಕ್ ಆಫ್ ಮೆಗ್ನೀಶಿಯ ಇದೆ. ಅದೂ ನೀರೆಳೆಯುವ ಜಾತಿಯದೇ, ಆದರೆ ಮೂತ್ರಪಿಂಡ ದುರ್ಬಲವಾದವರಿಗೆ ಅದು ಅಪಾಯಕರ. ಲಿಕ್ವಿಡ್ ಪ್ಯಾರಫಿನ್ ಬೆರೆತವುಗಳಿವೆ. ಮಲಗಿದಲ್ಲೇ ಇರುವ, ನುಂಗಲು ಕಷ್ಟಪಡುವ ವೃದ್ಧರಿಗೆ ಅದನ್ನು ಕುಡಿಸಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ನಮ್ಮ ಅಜ್ಜಿಯರು ಕುಡಿಸುತ್ತಿದ್ದ ಹರಳೆಣ್ಣೆ, ಸೋನಾಮುಖಿ ಇವು ನೀರೆಳೆಯುವ ಬಗೆಯವಲ್ಲ, ಕರುಳನ್ನು ಕೆರಳಿಸಿ ಓಡಿಸುವ ಬಗೆಯವು. ಇಸಬಗೋಲ ನಾರಿನ ಜಾತಿಯದು. ಅದನ್ನು ತುಂಬಿದ ಲೋಟ ನೀರಿನೊಡನೆ ಕುಡಿಯದಿದ್ದರೆ ಗಂಟಲಿನಲ್ಲಿಯೋ ಕರುಳಿನಲ್ಲಿಯೋ ಉಬ್ಬಿ ಕಟ್ಟಿಕೊಂಡೀತು. ಎಲ್ಲಕ್ಕೂ ಅದರದರ ಸ್ಥಾನವುಂಟು. ಒಂದಕ್ಕೆ ಫಲ ಕಾಣಲಿಲ್ಲವೆಂದು ಅದರ ಮೇಲೊಂದನ್ನು ಸುರಿದುಕೊಳ್ಳುವುದು ಮಾತ್ರ ಸಲ್ಲದು.

ಇನ್ನೊಂದು ಮಾತು. ದಿನಕ್ಕೊಮ್ಮೆ ಆಗಲೇಬೇಕೆಂಬ ನಿಯಮವೇನೂ ಇಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ, ಕಷ್ಟವಿಲ್ಲದೆ ಆಗುತ್ತಿದ್ದರೆ ಅದನ್ನು ಸಹಜವೆಂದೇ ವೈದ್ಯರು ಎಣಿಸುತ್ತಾರೆ. ಒಂದು ದಿನ ತಪ್ಪಿತೆಂದು ಗಾಬರಿಯಾಗಿ ಬಾಟಲಿಗೆ ಕೈಹಾಕುವವರೂ ನಮ್ಮಲ್ಲಿದ್ದಾರೆ. ಅವರು ತುಸು ತಾಳ್ಮೆ ತಾಳಿದರೆ ಆ ಖರ್ಚೇ ಉಳಿದೀತು.

ನಿಜವಾದ ಪರಿಹಾರ ಸಿರಪ್ಪಿನಲ್ಲಿಲ್ಲ, ನಮ್ಮ ತಾಟಿನಲ್ಲಿದೆ. ಅದನ್ನು ಹೇಳಿಕೊಡುವ ಸಂಸ್ಥೆಗಳು ನಮ್ಮ ಈ ಊರಿನಲ್ಲಿಯೇ ಇರುವುದು ನಮ್ಮ ಭಾಗ್ಯ. ೧೯೫೮ರಲ್ಲಿ ಕೂನೂರಿನಿಂದ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣ ಸಂಸ್ಥೆ ತಾರ್ನಾಕದಲ್ಲಿದೆ. ಅದು ೨೦೧೭ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ ೧೦೦ ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ ನಾರಿನಂಶವಿದ್ದರೆ, ಅಷ್ಟೇ ಬಿಳಿಯ ಅಕ್ಕಿಯಲ್ಲಿರುವುದು ೩ ಗ್ರಾಂಗೂ ಕಡಮೆ. ದಿನಕ್ಕೆ ೪೦೦ ಗ್ರಾಂನಷ್ಟು ತರಕಾರಿ ಸೊಪ್ಪು, ೧೦೦ ಗ್ರಾಂನಷ್ಟು ಹಣ್ಣು ತಿನ್ನಬೇಕೆಂದು ಅದೇ ಸಂಸ್ಥೆಯ ೨೦೨೪ರ ಮಾರ್ಗಸೂಚಿ ಹೇಳುತ್ತದೆ. ರಾಜೇಂದ್ರನಗರದಲ್ಲಿ ಜೋಳದ ಸಂಶೋಧನೆಯಿಂದ ಬೆಳೆದು ಇಂದು ಸಿರಿಧಾನ್ಯಗಳ ರಾಷ್ಟ್ರೀಯ ಸಂಸ್ಥೆಯಾಗಿರುವುದೂ ಒಂದುಂಟು. ಇಡೀ ದೇಶಕ್ಕೆ ಜೋಳದ ಗುಣ ತಿಳಿಸುವ ಊರಿನಲ್ಲಿ ವಾಸವಾಗಿದ್ದುಕೊಂಡು, ಜೋಳದ ನಾಡಿನಿಂದ ಬಂದ ನಾವು ರೊಟ್ಟಿ ಬಡಿಯುವುದನ್ನು ಬಿಟ್ಟೆವು. ಇದೆಂಥ ವಿಪರ್ಯಾಸ!

ತಂದೆಯವರು ಆಸ್ಪತ್ರೆಯಿಂದ ಬಂದ ಮೇಲೆ ನಮ್ಮ ಮನೆಯ ವ್ಯವಸ್ಥೆ ಬದಲಾಯಿತು. ವೈದ್ಯರು ಅವರ ರಕ್ತದೊತ್ತಡದ ಮಾತ್ರೆಯನ್ನು ಮತ್ತೊಮ್ಮೆ ಪರಿಶೀಲಿಸಿದರು. ಅದೇ ಸಿರಪ್ಪನ್ನು ರಾತ್ರಿ ೧೫ ಮಿ.ಲೀ. ಮಾತ್ರ ಎಂದು ಬರೆದುಕೊಟ್ಟರು. ನನ್ನ ಹೆಂಡತಿ ದಿನಕ್ಕೊಂದು ಹೊತ್ತು ರೊಟ್ಟಿಯನ್ನು ಕಾಯಂ ಮಾಡಿದಳು. ಪುಂಡಿಪಲ್ಯವೇನೂ ಇಲ್ಲಿ ದುರ್ಲಭವಲ್ಲ. ಗೋಂಗೂರ ಎಂದು ಕೇಳಿದರೆ ಯಾವ ಸಂತೆಯಲ್ಲಿಯೂ ಕೊಡುತ್ತಾರೆ. ಬೆಳಿಗ್ಗೆ ಆರರಿಂದ ಆರೂವರೆ ತಂದೆಯವರ ಹೊತ್ತು. ಆಗ ಬೇರೆ ಯಾರೂ ಆ ಬಾಗಿಲನ್ನು ತಟ್ಟುವಂತಿಲ್ಲ. ಕುರ್ಚಿಯಂಥ ಸಂಡಾಸಿನ ಮುಂದೆ, ಕಾಲಿಡುವುದಕ್ಕೆಂದು ಒಂದು ಗಿಡ್ಡ ಮಣೆಯನ್ನು ಇಟ್ಟೆವು. ಮಂಡಿ ಮೇಲಕ್ಕೆ ಬಂದರೆ ಹಳೆಯ ಕಾಲದಂತೆ ಕುಕ್ಕರಗಾಲಿನಲ್ಲಿ ಕುಳಿತ ಅನುಕೂಲ ಒದಗುತ್ತದೆ. ಸಂಜೆ ಮೊಮ್ಮಗನ ಕೈ ಹಿಡಿದು ಉದ್ಯಾನದಲ್ಲಿ ಎರಡು ಸುತ್ತು ನಡೆಯುತ್ತಾರೆ. ಒಂದು ತಿಂಗಳಲ್ಲಿ ವೈದ್ಯರೇ ಸಿರಪ್ಪನ್ನು ನಿಲ್ಲಿಸಿದರು.

ಬಂಧುಗಳೆ, ಇಲ್ಲಿಯವರೆಗೆ ಹೇಳಿದುದು ಕರುಳಿನ ಮಾತು. ಕೊನೆಯದಾಗಿ ಭಾಷೆಯ ಮಾತು ಒಂದುಂಟು. ರಾಜ್ಯೋತ್ಸವಕ್ಕೆ ಅದನ್ನು ಮೀಸಲಿಟ್ಟಿದ್ದೇನೆ. ಪರಭಾಷೆಯ ಊರಿನಲ್ಲಿ ನಾವು ಮಕ್ಕಳಿಗೆ ಕನ್ನಡ ಕಲಿಸಬೇಕೆನ್ನುತ್ತೇವೆ, ಅದು ಸರಿಯೇ. ಆದರೆ ಮನೆಯ ಹಿರಿಯರ ಕನ್ನಡಕ್ಕೆ ನಾವು ಕಿವಿಯಾಗಬೇಕಲ್ಲವೆ? ಅವರಿಗೆ ತಮ್ಮ ನೋವನ್ನು ಹೇಳಿಕೊಳ್ಳಲು ಇರುವುದು ಅದೊಂದೇ ಭಾಷೆ. ವೈದ್ಯರ ಕೋಣೆಯಲ್ಲಿ ಅವರ ಪಕ್ಕದಲ್ಲಿ ಕುಳಿತು, ಅವರು ಕನ್ನಡದಲ್ಲಿ ಮೆಲ್ಲನೆ ಹೇಳಿದುದನ್ನು ನಾಚದೆ ತೆಲುಗಿನಲ್ಲಿಯೋ ಹಿಂದಿಯಲ್ಲಿಯೋ ದೊಡ್ಡದಾಗಿ ಹೇಳುವವನು ಮಗನಾಗಬೇಕು, ಇಲ್ಲವೆ ಮಗಳಾಗಬೇಕು.

ನಮ್ಮ ಮನೆಯ ಕಪಾಟಿನ ಒಳಬದಿಗೆ ಈಗ ಒಂದು ಹಾಳೆ ಅಂಟಿಸಿದೆ. ಔಷಧದ ಹೆಸರು, ಯಾರಿಗೆ, ಯಾವುದಕ್ಕೆ, ಎಷ್ಟು, ಯಾವ ಹೊತ್ತಿಗೆ, ಯಾವ ತಾರೀಖಿನವರೆಗೆ, ಎಲ್ಲವೂ ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿದೆ. ಬಾಟಲಿಯ ಮೇಲಿನ ಇಂಗ್ಲಿಷಿನ ಸಣ್ಣ ಅಕ್ಷರ ತಂದೆಯವರ ಕಣ್ಣಿಗೆ ಎಟಕುವುದಿಲ್ಲ. ಈ ಹಾಳೆಯನ್ನು ಅವರೇ ಓದಿಕೊಳ್ಳುತ್ತಾರೆ. ಮೊದಲ ದಿನ ಅದರಲ್ಲಿ ನಾನು ಮಾಡಿದ್ದ ಒಂದು ಕಾಗುಣಿತದ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದಿಟ್ಟಿದ್ದರು. ಅದನ್ನು ಕಂಡ ದಿನ, ಮಾಸ್ತರರು ಪೂರ್ಣವಾಗಿ ಗುಣವಾದರೆಂದು ನನಗೆ ನಂಬಿಕೆಯಾಯಿತು. ಅಂಥ ಹಾಳೆಯೊಂದನ್ನು ಸಂಘದ ವತಿಯಿಂದ ಅಚ್ಚು ಹಾಕಿಸಿ ಮನೆಮನೆಗೆ ಹಂಚಬೇಕೆಂದು ಅಧ್ಯಕ್ಷರಲ್ಲಿ ಬಿನ್ನವಿಸಿಕೊಳ್ಳುತ್ತೇನೆ.